ರಾಣೆಬೆನ್ನೂರಿನ ಬಸವಣ್ಣೆಪ್ಪನ ಬಹಿರಂಗ ಪತ್ರ

ಮಾನ್ಯ ಸಾರ್ವಜನಿಕ ಸಂಪರ್ಕಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಹೆಸರನ್ನು ಈ ಪತ್ರದಲ್ಲಿ ಎಲ್ಲೂ ಬರೆಯುವುದಿಲ್ಲ. ಬರೆದರೆ ಅದನ್ನೂ ಕತ್ತರಿಸಿ ನಿಮ್ಮ ಪ್ರಚಾರದ ಫೈಲಿಗೆ ಅಂಟಿಸಿಕೊಳ್ಳುವಷ್ಟು ಚುರುಕು ನೀವು.

ಮೊದಲಿಗೆ ಅಭಿನಂದನೆ. ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಬಂದ ನಿಮ್ಮ ಅರ್ಧ ಗಂಟೆಯ ‘ನೇರ ಫೋನ್‌-ಇನ್‌’ ಸೊಗಸಾಗಿತ್ತು. ರಾಣೆಬೆನ್ನೂರಿನಿಂದ ಬಸವಣ್ಣೆಪ್ಪ ಎಂಬುವರು ಮಂಡಿನೋವಿನ ಬಗ್ಗೆ ಕೇಳತೊಡಗಿದಾಗ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. “ರೀ, ಇದು ನಿಮ್ಮ ದನಿ ಅಲ್ವೇನ್ರೀ?” ಬಾಯಿ ತುಂಬ ಉಪ್ಪಿಟ್ಟಿತ್ತು, ಹೌದೆಂದು ತಲೆಯಾಡಿಸಿದೆ. ಒಂದೇ ಹೊತ್ತಿನಲ್ಲಿ ರಾಣೆಬೆನ್ನೂರಿನಿಂದ ನೇರಪ್ರಸಾರದಲ್ಲಿ ಮಾತಾಡುವುದು, ಮೈಸೂರಿನಲ್ಲಿ ಕೂತು ಉಪ್ಪಿಟ್ಟು ತಿನ್ನುವುದು: ಇಂಥ ಸಿದ್ಧಿ ಹಿಂದೆ ಹಿಮಾಲಯದ ಯೋಗಿಗಳಿಗೆ ಮಾತ್ರ ಇತ್ತಂತೆ. ನಿಮ್ಮ ದಯೆಯಿಂದ ಪಿಂಚಣಿದಾರನಾದ ನನಗೂ ದೊರಕಿತು.

ನಡೆದದ್ದು ನಿಮಗೆ ನೆನಪಿರಲಿಕ್ಕಿಲ್ಲ; ನಿಮ್ಮ ಏಜೆನ್ಸಿಯ ಹುಡುಗಿಗೆ ನೆನಪಿರುತ್ತದೆ. ಬುಧವಾರ ಮಧ್ಯಾಹ್ನ ಫೋನ್ ಮಾಡಿ, “ಸಾರ್, ನೀವು ಹಿಂದೆ ರೇಡಿಯೋದಲ್ಲಿ ಮಾಡ್ತಿದ್ರಂತೆ, ವಾಯ್ಸ್ ಚೆನ್ನಾಗಿದೆಯಂತೆ, ಎರಡೇ ನಿಮಿಷದ ಕೆಲಸ” ಎಂದಳು. ವಾಟ್ಸಾಪಿನಲ್ಲಿ ಸ್ಕ್ರಿಪ್ಟ್ ಬಂತು. ಅದರಲ್ಲಿ ಬಸವಣ್ಣೆಪ್ಪನವರು “ಸಾರ್, ನಂಗೆ ಮಂಡಿನೋವು” ಎನ್ನುತ್ತಿದ್ದರು. ತಾಯೀ, ರಾಣೆಬೆನ್ನೂರಿನವರು ಮಂಡಿ ಅನ್ನುವುದಿಲ್ಲ, ‘ಮೊಣಕಾಲು ಭಾಳ ಬ್ಯಾನಿ ಆಗ್ಯಾವ್ರೀ ಸರ’ ಅಂತಾರೆ ಎಂದು ನಾನೇ ತಿದ್ದಿದೆ. “ಸೂಪರ್ ಸಾರ್, ಇನ್ನೂ ಆಥೆಂಟಿಕ್ ಆಯ್ತು” ಎಂದಳು. ಸುಳ್ಳಿಗೂ ಒಂದು ವ್ಯಾಕರಣಶುದ್ಧಿ ಇರಬೇಕೆಂಬ ನಿಮ್ಮ ಕಾಳಜಿ ನನಗೆ ಹಿಡಿಸಿತು.

ಹುಡುಗಿಯನ್ನು ಬೈಯಬೇಡಿ, ನಾನೂ ಸಾಚಾ ಅಲ್ಲ. ಎಂಬತ್ತರ ದಶಕದಲ್ಲಿ ಒಂದು ರೇಡಿಯೋ ನಿಲಯದಲ್ಲಿ ದಿನಗೂಲಿ ಉದ್ಘೋಷಕನಾಗಿದ್ದೆ. ಸಂಜೆಯ ರೈತರ ಕಾರ್ಯಕ್ರಮದಲ್ಲಿ ನಾನೇ ಸಿದ್ದೇಗೌಡ. ಕೃಷಿ ಇಲಾಖೆಯ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು, “ಅಲ್ಲ ಸ್ವಾಮಿ, ಈ ಯೂರಿಯಾನ ಯಾವಾಗ ಹಾಕೋದು?” ಎಂದು ಮುಗ್ಧನಾಗಿ ಕೇಳುತ್ತಿದ್ದೆ. ಗದ್ದೆಗೆ ಇಳಿದವನೇ ಅಲ್ಲ. ಅದೂ ಪ್ರಚಾರವೇ, ಸರ್ಕಾರಿ ಗೊಬ್ಬರದ್ದು. ಆದರೆ ಆ ಕಾಲದಲ್ಲಿ ಒಂದು ತೊಂದರೆಯಿತ್ತು: ಹದಿನೈದು ಪೈಸೆಗೆ ಅಂಚೆ ಕಾರ್ಡು ಸಿಗುತ್ತಿತ್ತು. ಒಮ್ಮೆ ನಾನು ನಾಟಿಗೂ ಬಿತ್ತನೆಗೂ ವ್ಯತ್ಯಾಸ ತಿಳಿಯದೆ ಏನೋ ಕೇಳಿಬಿಟ್ಟೆ. ಮುಂದಿನ ವಾರ ಮೂರು ಕಾರ್ಡು. ಒಬ್ಬರು, “ನಿಮ್ಮ ಸಿದ್ದೇಗೌಡನಿಗೆ ಎರಡು ದಿನ ನಮ್ಮೂರಲ್ಲಿ ಊಟ ಹಾಕ್ತೀವಿ, ಕಳಿಸಿ. ಗದ್ದೆ ಯಾವ ಬಣ್ಣ ಇರುತ್ತೆ ಅಂತ ತೋರಿಸ್ತೀವಿ” ಎಂದು ಬರೆದಿದ್ದರು. ಇನ್ನೊಬ್ಬರ ಪ್ರಶ್ನೆ ನೇರವಾಗಿತ್ತು: ಸೊಸೈಟಿಯಲ್ಲಿ ಗೊಬ್ಬರವೇ ಇಲ್ಲವಲ್ಲ, ಯಾವಾಗ ಹಾಕೋದು ಎಂದು ಕೇಳಿ ಏನು ಪ್ರಯೋಜನ? ಪತ್ರೋತ್ತರದಲ್ಲಿ ಎರಡನ್ನೂ ನಾನೇ ಓದಬೇಕಾಯಿತು. ಅಧಿಕಾರಿಗಳ ಮುಖ ಹುಳಿಯಾಯಿತು. ಆದರೂ ಕಾರ್ಡು ಓದಲಾಯಿತು.

ಆ ಕಾರ್ಡಿನ ವ್ಯವಸ್ಥೆ ತಾನಾಗಿ ಬಂದದ್ದಲ್ಲ. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ನಿಲಯದವರು 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ಕಟ್ಟಿದ್ದರು. ವಾರಕ್ಕೆರಡು ಸಂಜೆ ಜನ ಸೇರಿ ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ಅನುಮಾನಗಳನ್ನು ನಿಲಯಕ್ಕೆ ಬರೆದು ಕಳಿಸುವುದು. ನಿಲಯ ಅವಕ್ಕೆ ಮುಂದೆ ಉತ್ತರ ಹೇಳುವುದು. ಸಂಪರ್ಕ ಅಂದರೆ ಎರಡೂ ಕಡೆಗೆ ಹೋಗುವ ದಾರಿ ಎಂದು ನಂಬಿದ್ದ ಹಳೇ ಕಾಲದ ಮಂದಿ, ಕ್ಷಮಿಸಿಬಿಡಿ. 1975–76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೀವಿ ತಲುಪಿಸಿದ ಸೈಟ್ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಇದ್ದವು. ಅದು ತುರ್ತುಪರಿಸ್ಥಿತಿಯ ಕಾಲ. ಮೇಲಿನಿಂದ ಮಾತು ಇಳಿಯುತ್ತಿತ್ತು, ಕೆಳಗಿನಿಂದ ಏರುವುದು ಕಷ್ಟವಿತ್ತು. ಹಾಗಿದ್ದರೂ ಹಳ್ಳಿಯವರು ನೋಡಿ ಏನೆಂದುಕೊಂಡರು ಎಂದು ಕೇಳಿಕೊಂಡು ಬರಲು ಸಂಶೋಧಕರನ್ನು ಊರುಗಳಲ್ಲೇ ಉಳಿಸಿದ್ದರು. ನೀವಾದರೆ ಅಷ್ಟೆಲ್ಲ ಖರ್ಚಿಗೆ ಹೋಗುತ್ತಿರಲಿಲ್ಲ. ಜನರ ಅಭಿಪ್ರಾಯವನ್ನೂ ಬುಧವಾರವೇ ಬರೆದಿಡುತ್ತಿದ್ದಿರಿ.

ನಿಮ್ಮ ವಿದ್ಯೆಯ ಮೂಲಪುರುಷರು ಅಮೆರಿಕದ ಎಡ್ವರ್ಡ್ ಬರ್ನೇಸ್. ಸಿಗ್ಮಂಡ್ ಫ್ರಾಯ್ಡ್‌ಗೆ ಸೋದರಳಿಯ. ಬೇಕನ್ ಮಾರುವ ಕಂಪನಿಯೊಂದು ಇವರ ಬಳಿಗೆ ಬಂದಾಗ, ಬೇಕನ್ ಕೊಳ್ಳಿ ಎಂದು ಇವರು ಕೂಗಲಿಲ್ಲ. ಒಬ್ಬ ವೈದ್ಯರಿಂದ ಉಳಿದ ವೈದ್ಯರಿಗೆ ಪತ್ರ ಬರೆಸಿ, ಬೆಳಿಗ್ಗೆ ಹೊಟ್ಟೆ ತುಂಬ ತಿನ್ನುವುದು ಒಳ್ಳೆಯದೆಂಬ ಅಭಿಪ್ರಾಯ ತರಿಸಿ ಪತ್ರಿಕೆಗಳಿಗೆ ಹಂಚಿದರು. ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸುವುದೇ ಆ ವಿದ್ಯೆಯ ಗುಟ್ಟು. ನಮ್ಮೂರಿನಲ್ಲೂ ಒಬ್ಬ ಮನಶ್ಶಾಸ್ತ್ರದ ಪ್ರೊಫೆಸರಿದ್ದರು, ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬಂದು ಆಮೇಲೆ ದೇಶದ ರೇಡಿಯೋಗೆಲ್ಲ ಅಂಟಿತು. ಜನರ ಮನಸ್ಸನ್ನು ಓದಬಲ್ಲ ಮನುಷ್ಯ, ಕೈಯಲ್ಲಿ ಪ್ರಸಾರಯಂತ್ರ, ಏನೂ ಮಾರಲಿಲ್ಲವಲ್ಲ! ನಿಮ್ಮಂಥ ಸಲಹೆಗಾರರೊಬ್ಬರು ಪಕ್ಕದಲ್ಲಿದ್ದಿದ್ದರೆ ಮನೆಯಾದರೂ ಉಪ್ಪರಿಗೆ ಕಾಣುತ್ತಿತ್ತು.

ಕಾನೂನಿನ ಮೇಲೆ ನಿಮಗಿರುವ ಹಿಡಿತವನ್ನಂತೂ ಹೊಗಳದೇ ಇರಲಾರೆ. 1994ರ ಕೇಬಲ್ ಟೀವಿ ನಿಯಮಗಳ ಪ್ರಕಾರ ಜಾಹೀರಾತು ಬೇರೆ, ಕಾರ್ಯಕ್ರಮ ಬೇರೆ ಎಂದು ನೋಡುವವರಿಗೆ ಸ್ಪಷ್ಟವಾಗಿ ಗೊತ್ತಾಗಬೇಕು. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದು. ನಿಮ್ಮದು ಅರ್ಧ ಗಂಟೆ. ಜಾಹೀರಾತು ಎಂದರೆ ಹೆಚ್ಚಾಯಿತು, ಆದ್ದರಿಂದ ಅದು ಕಾರ್ಯಕ್ರಮ. ಕಾರ್ಯಕ್ರಮ ಎಂದರೆ ವಾಹಿನಿಯವರು ಜವಾಬ್ದಾರರು, ಆದ್ದರಿಂದ ಶುರುವಿನಲ್ಲಿ ‘ಇಲ್ಲಿನ ಅಭಿಪ್ರಾಯಗಳಿಗೆ ವಾಹಿನಿ ಹೊಣೆಯಲ್ಲ’ ಎಂಬ ಸಾಲು ಇರುವೆ ಗಾತ್ರದಲ್ಲಿ ಶತಾಬ್ದಿ ಎಕ್ಸ್‌ಪ್ರೆಸ್ ವೇಗದಲ್ಲಿ ಹಾದುಹೋಗುತ್ತದೆ. ಕನ್ನಡಕ ಹುಡುಕುವಷ್ಟರಲ್ಲಿ ಮಂಡ್ಯ ದಾಟಿರುತ್ತದೆ. ಇನ್ನು ವೈದ್ಯರು ಜಾಹೀರಾತಿನಿಂದ ರೋಗಿಗಳನ್ನು ಸೆಳೆಯಬಾರದು ಎನ್ನುತ್ತದೆ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ. ಹಾಗಾಗಿ ಡಾಕ್ಟರು ಆಸ್ಪತ್ರೆಯ ಹೆಸರೆತ್ತುವುದಿಲ್ಲ. ನಿರೂಪಕಿ ಎತ್ತುತ್ತಾಳೆ, ಹಿಂದಿನ ಪರದೆ ಎತ್ತುತ್ತದೆ, ಮೇಜಿನ ಮೇಲಿನ ಕಾಫಿ ಕಪ್ಪು ಎತ್ತುತ್ತದೆ, ಕೆಳಗಿನ ಪಟ್ಟಿಯಲ್ಲಿ ಅಪಾಯಿಂಟ್‌ಮೆಂಟಿನ ನಂಬರು ಓಡುತ್ತಲೇ ಇರುತ್ತದೆ. ಡಾಕ್ಟರು ಮಾತ್ರ ನಿಯಮ ಪಾಲಿಸಿ ಮೊಣಕಾಲಿನ ಬಗ್ಗೆಯೇ ಮಾತಾಡುತ್ತಾರೆ.

ರೇಡಿಯೋದಲ್ಲಿ ನಿಮ್ಮ ಕೈಚಳಕ ಇನ್ನೂ ನಯ. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬಂದಾಗ, ಖಾಸಗಿಯವರು ಸುದ್ದಿ ಹೇಳಬಾರದು ಎಂದು ಸರ್ಕಾರ ಕಟ್ಟಪ್ಪಣೆ ಮಾಡಿತು. ಸ್ವಂತ ಸುದ್ದಿಗೆ ಇಂದಿಗೂ ಅಲ್ಲಿ ಅವಕಾಶವಿಲ್ಲ. ಸುದ್ದಿ ಹೇಳಬಾರದವರು ಹಾಡುಗಳ ನಡುವೆ ಹರಟಲೇಬೇಕಲ್ಲ? ಆ ಹರಟೆಯೊಳಗೆ ನೀವು ಬಿಡಾರ ಹೂಡಿದಿರಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವನ ಕಿವಿಯಲ್ಲಿ ಆರ್‌ಜೆ, “ಮಗಾ, ನಿನ್ನೆ ನಮ್ಮಮ್ಮನ್ನ ಚೆಕಪ್‌ಗೆ ಕರ್ಕೊಂಡ್ ಹೋಗಿದ್ದೆ” ಎಂದು ಗೆಳೆಯನಂತೆ ಶುರುಮಾಡುತ್ತಾನೆ. ಸಿಗ್ನಲ್ ಹಸಿರಾಗುವಷ್ಟರಲ್ಲಿ ಅಮ್ಮನಿಗೆ ನಿಮ್ಮಲ್ಲೇ ಗುಣವಾಗಿರುತ್ತದೆ.

ಈಗ ಅಸಲು ವಿಷಯ. ರೆಕಾರ್ಡಿಂಗಿನ ದಿನ ನಾನೊಂದು ತಪ್ಪು ಮಾಡಿದೆ. ಸ್ಕ್ರಿಪ್ಟಿನ ಪ್ರಕಾರ, “ಈಗ ಮೊದಲಿನ ಹಂಗ ಹೊಲದಾಗ ನಡೀಬಹುದೇನ್ರೀ ಸರ?” ಎಂದು ಕೇಳಿ ನಾನು ಥ್ಯಾಂಕ್ಸ್ ಹೇಳಬೇಕಿತ್ತು. ಥ್ಯಾಂಕ್ಸಿನ ಬದಲು ಬಾಯಿಂದ ಬೇರೆಯೇ ಬಂತು: “ಒಂದ್ ಮೊಣಕಾಲಿಗೆ ಎಷ್ಟ್ ಖರ್ಚು ಬರ್ತದ್ರೀ ಸರ?” ಯಾಕೆ ಕೇಳಿದೆನೋ. ನನ್ನೊಳಗಿನ ಸಿದ್ದೇಗೌಡ ಕೇಳಿದನೋ, ಆ ಕಾರ್ಡು ಬರೆದವರೋ. ನಿಮ್ಮ ಡಾಕ್ಟರು ಒಳ್ಳೆಯ ಮನುಷ್ಯ. “ನೋಡಿ ಬಸವಣ್ಣೆಪ್ಪನವರೇ, ಅದು...” ಎಂದು ನಿಜವಾಗಿ ಉತ್ತರ ಹೇಳಲು ಹೊರಟರು. ಅಷ್ಟರಲ್ಲಿ ನಿರೂಪಕಿ ನಗುನಗುತ್ತಲೇ, “ಓಹ್, ಸಂಪರ್ಕ ಕಡಿತವಾಗಿದೆ ಅನ್ಸುತ್ತೆ” ಎಂದಳು. ಫೋನು ನನ್ನ ಕಿವಿಯಲ್ಲೇ ಇತ್ತು. ಸಂಪರ್ಕ ಚೆನ್ನಾಗಿಯೇ ಇತ್ತು. ಆಚೆಯಿಂದ ಯಾರೋ ಗಂಡಸು ಪಿಸುಗುಟ್ಟಿದ: “ಸಾರ್, ಅದು ಸ್ಕ್ರಿಪ್ಟಲ್ಲಿಲ್ಲ.”

ಭಾನುವಾರ ನೋಡಿದರೆ ನನ್ನ ಪ್ರಶ್ನೆಯೂ ಇಲ್ಲ, ಡಾಕ್ಟರ ‘ಅದು’ ಕೂಡ ಇಲ್ಲ. ‘ಹೊಲದಾಗ ನಡೀಬಹುದೇನ್ರೀ’ ಆದಮೇಲೆ ನೇರವಾಗಿ ಸಂಪರ್ಕ ಕಡಿತ. ಸಾರ್ವಜನಿಕ ಸಂಪರ್ಕಾಧಿಕಾರಿಯ ಕಾರ್ಯಕ್ರಮದಲ್ಲಿ ಸಾರ್ವಜನಿಕನೊಬ್ಬನ ಸಂಪರ್ಕ ಕಡಿಯುವುದಕ್ಕೂ ಒಂದು ಹುದ್ದೆ ಇದೆಯೆಂದು ಅಂದೇ ತಿಳಿದದ್ದು. ಕ್ರಿಕೆಟ್ ಪ್ರಸಾರದ ಜಗಳವೊಂದರಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿತ್ತು. ಸ್ವತ್ತು ನಮ್ಮದೇ, ಸ್ವಾಮಿ. ಸ್ವಿಚ್ಚು ಮಾತ್ರ ನಿಮ್ಮ ಕಡೆ ಇದೆ.

ನನ್ನ ಸಂಭಾವನೆಯೆಂದು ‘ಮಾಸ್ಟರ್ ಹೆಲ್ತ್ ಚೆಕಪ್’ಗೆ ಶೇಕಡಾ 20 ರಿಯಾಯಿತಿಯ ಕೂಪನ್ ಕಳಿಸಿದ್ದೀರಿ. ತಲುಪಿತು. ಅದರ ಹಿಂಬದಿಯಲ್ಲಿ ಈ ಪತ್ರದ ಕರಡು ಬರೆದೆ. ಕಾಗದ ದಪ್ಪಗೆ ಚೆನ್ನಾಗಿದೆ.

ಒಂದು ವಿಷಯ ಬಿಟ್ಟುಹೋಯಿತು. ನೋವಿರುವುದು ಬಸವಣ್ಣೆಪ್ಪನಿಗಲ್ಲ, ನನ್ನ ಹೆಂಡತಿಗೆ. ಎರಡು ವರ್ಷವಾಯಿತು. ಮಹಡಿ ಹತ್ತುವುದನ್ನು ಬಿಟ್ಟಿದ್ದಾಳೆ, ತುಳಸಿಗೆ ನೀರು ಹಾಕಲು ಮೊಮ್ಮಗಳನ್ನು ಕರೆಯುತ್ತಾಳೆ. ಸೌಟು ಹಿಡಿದು ಬಂದವಳು ಟೀವಿಯ ಮುಂದೆ ಕೊನೆಯವರೆಗೂ ನಿಂತೇ ಇದ್ದಳು. ಮುಗಿದ ಮೇಲೆ, “ಎಷ್ಟಾಗುತ್ತಂತೆ?” ಎಂದು ಕೇಳಿದಳು. ಸಂಪರ್ಕ ಕಡಿತವಾಯಿತು ಎಂದೆ.

ಅದಕ್ಕೇ ಈ ಪತ್ರದ ಜೊತೆ ನನ್ನ ವಿಳಾಸ ಬರೆದ ಒಂದು ಅಂಚೆ ಕಾರ್ಡು ಲಗತ್ತಿಸಿದ್ದೇನೆ. ಎರಡು ಮೊಣಕಾಲಿನ ಲೆಕ್ಕ, ಇಂಪ್ಲಾಂಟಿನದು ಬೇರೆ, ರೂಮಿನದು ಬೇರೆ, ಬರೆದು ಡಬ್ಬಿಗೆ ಹಾಕಿಸಿ. ಕಾರ್ಡಿನಲ್ಲಿ ಜಾಗ ಕಡಿಮೆ. ನಿಮ್ಮ ಆಸ್ಪತ್ರೆಯ ಲಾಂಛನ ಬೇಕಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಬಸವಣ್ಣೆಪ್ಪ, ರಾಣೆಬೆನ್ನೂರು
(ಮೈಸೂರಿನಿಂದ, ಧ್ವನಿಮುದ್ರಿತ)