ಅತನೂರಿನ ನೀಲಿ ಬಿಸಿಲು

ನಮ್ಮ ಅತನೂರಿನಲ್ಲಿ ಬಿಸಿಲಿಗೆ ಯಾರೂ ದುಡ್ಡು ಕೊಟ್ಟ ದಾಖಲೆ ಇಲ್ಲ. ಏಪ್ರಿಲ್ ಬಂತೆಂದರೆ ಅಫಜಲಪುರ ತಾಲ್ಲೂಕಿನ ಕರಿಮಣ್ಣು ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಂಗಡಿಕಾರರು ಮಧ್ಯಾಹ್ನ ಅರ್ಧ ಷಟರ್ ಎಳೆದು ಒಳಗೇ ಮಲಗುತ್ತಾರೆ. ನಮ್ಮ ಹಿರಿಯರು ಮನೆ ಕಟ್ಟಿದ್ದೇ ಬಿಸಿಲಿನಿಂದ ತಪ್ಪಿಸಿಕೊಳ್ಳಲು: ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುಮನೆಗೆ ಇರಲೆಂದು ಒಂದೇ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ಅದರ ಮೇಲೂ ಒಂದು ಗೋಣಿಚೀಲ. ಇಂಥ ಊರಿನಲ್ಲಿ ನನ್ನ ತಮ್ಮನ ಮಗ ಬಿಸಿಲು ಕೊಳ್ಳಲು ಹೊರಟ. ಅದೂ ಕಂತಿನ ಮೇಲೆ.

ಹುಡುಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಲ್ಲೇ ಕೂತು ಮಾಡುತ್ತಾನೆ. ಹಳೆಯ ಮನೆಗೆ ಹತ್ತಿ ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ. ಗೆಳೆಯರ ಜೊತೆ ಒಮ್ಮೆ ಮುರುಡೇಶ್ವರಕ್ಕೆ ಹೋದವನು ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದು, ಹವಳ ನೋಡಿ ಬಂದ. ಬಂದವನು ಮೊದಲಿನ ಹಾಗೆ ಉಳಿಯಲಿಲ್ಲ. ಹಾಲ್‌ನಲ್ಲಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗಾಜಿನ ತೊಟ್ಟಿ ಬಂದು ಕೂತಿತು. ಹಿಡಿಯುವ ನೀರು ಸುಮಾರು 650 ಲೀಟರ್. ಲೀಟರಿಗೆ 35 ಗ್ರಾಮಿನಂತೆ ಉಪ್ಪೇ 23 ಕಿಲೋ ಹತ್ತಿರ. ನಮ್ಮವ್ವ ಉಪ್ಪಿನ ಚೀಲ ಮುಟ್ಟಿ ನೋಡಿ, "ಇಷ್ಟ್ ಉಪ್ಪಿನ್ಯಾಗ ಊರಿಗೆಲ್ಲ ಉಪ್ಪಿನಕಾಯಿ ಹಾಕಬಹುದಿತ್ತಲ್ಲೋ" ಅಂದಳು.

ಸಮುದ್ರ ಯಾವ ಕಡೆಗೆ ಎಂದು ಕೇಳಿದರೆ ನಮ್ಮೂರ ಅರ್ಧ ಜನ ಭೀಮಾ ನದಿಯ ಕಡೆಗೆ ಕೈ ತೋರಿಸುತ್ತಾರೆ. ತೀರಾ ತಪ್ಪೇನೂ ಅಲ್ಲ, ಭೀಮೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೇ ಹೋಗುತ್ತಾಳೆ. ಆದರೆ ಅಲ್ಲಿಂದ ಅತನೂರಿಗೆ ತಿರುಗಿ ಯಾವ ನೀರೂ ಬಂದದ್ದಿಲ್ಲ.

ತೊಟ್ಟಿ ಬಂತು, ಕಲ್ಲು ಬಂತು, ನೀರು ತಂಪು ಮಾಡುವ ಯಂತ್ರವೂ ಬಂತು. ಜಗಳ ಹತ್ತಿದ್ದು ದೀಪಕ್ಕೆ. ದೀಪವಿಲ್ಲದೆ ಹವಳ ಬದುಕುವುದಿಲ್ಲವಂತೆ. ಹವಳವೆಂದರೆ ಗಿಡವಲ್ಲ, ಕಲ್ಲೂ ಅಲ್ಲ, ಪ್ರಾಣಿ. ಅದರ ಮೈಯೊಳಗೆ ಪಾಚಿಯ ಕಣಗಳು ಮನೆ ಮಾಡಿರುತ್ತವೆ, ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷವೋ ಅದಕ್ಕೂ ಹೆಚ್ಚೋ. ಬೆಳಕು ಹಿಡಿದು ಅನ್ನ ಮಾಡುವುದು ಆ ಪಾಚಿ; ಮಾಡಿದ್ದರಲ್ಲಿ ಬಹುಪಾಲು ಹವಳಕ್ಕೆ ಒಪ್ಪಿಸುತ್ತದೆ. ಅವ್ವ ಇದನ್ನು ಕೇಳಿದವಳೇ, "ಹಂಗಂದ್ರ ಹೊಲ ಪಾಲಿಗೆ ಹಾಕ್ದಂಗ" ಅಂದಳು. ಅಷ್ಟು ಚೆನ್ನಾಗಿ ಹುಡುಗನಿಗೂ ಹೇಳಲು ಬಂದಿರಲಿಲ್ಲ. ಬಿಸಿಯೋ ಬೆಳಕೋ ಅತಿಯಾದರೆ ಹವಳ ಆ ಪಾಲುಗಾರನನ್ನೇ ಹೊರಗೆ ಹಾಕುತ್ತದೆ, ಆಮೇಲೆ ಬೆಳ್ಳಗಾಗಿ ತಾನೂ ಉಪವಾಸ ಬೀಳುತ್ತದೆ. ನಮ್ಮ ಸೀಮೆಯಲ್ಲಿ ಇದಕ್ಕೆ ಉದಾಹರಣೆ ಬೇಕಾದಷ್ಟಿವೆ, ಹೆಸರು ಹೇಳುವುದಿಲ್ಲ.

ಹುಡುಗ ಲ್ಯಾಪ್‌ಟಾಪ್ ತೆರೆದು ಕೋಷ್ಟಕ ತೋರಿಸಿದ. ಮೆಟಲ್ ಹಾಲೈಡ್ ಎಂಬ ಹಳೆಯ ಕಾಲದ ದೀಪ: ಒಂದೊಂದು 250 ಅಥವಾ 400 ವ್ಯಾಟ್. ನೀರಿನ ತಳದಲ್ಲಿ ಅಲೆಯ ನೆರಳು ಕುಣಿಸುವುದರಲ್ಲಿ ಅದನ್ನು ಮೀರಿಸುವ ದೀಪ ಇಲ್ಲವೆಂದು ಬಲ್ಲವರು ಇಂದಿಗೂ ಹೇಳುತ್ತಾರೆ. ಆದರೆ ಅದು ಬೆಳಕಿನ ಜೊತೆ ಒಲೆಯನ್ನೂ ಹೊತ್ತಿಸುತ್ತದೆ. ಹವಳಕ್ಕೆ ಬೇಕಾದದ್ದು 25–26 ಡಿಗ್ರಿ ನೀರು, ನಮ್ಮ ಮೇ ತಿಂಗಳಲ್ಲಿ ಹೊರಗೆ 42. ಮೇಲೆ ಒಲೆ, ಕೆಳಗೆ ತಂಪಿನ ಯಂತ್ರ, ಎರಡಕ್ಕೂ ಬಿಲ್ಲು ಕಟ್ಟುವವನು ನನ್ನ ತಮ್ಮ. ಅದನ್ನು ಅಲ್ಲಿಗೇ ಬಿಟ್ಟೆವು. ಟಿ5 ಕೊಳವೆ ದೀಪಗಳು ತೊಟ್ಟಿಯ ತುಂಬ ಸಮನಾಗಿ ಬೆಳಕು ಹರಡುತ್ತವೆ, ನೆರಳು ಬೀಳುವುದಿಲ್ಲ. ಆದರೆ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು, ಕಲಬುರಗಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಆ ಬಣ್ಣದ್ದನ್ನು ಕೇಳಿದರೆ ಮದುವೆ ಮಂಟಪಕ್ಕಾ ಎಂದು ತಿರುಗಿ ಕೇಳುತ್ತಾರೆ. ಉಳಿದದ್ದು ಎಲ್‌ಇಡಿ. ಮೊಬೈಲಿನಿಂದ ಏರಿಸಬಹುದು, ಇಳಿಸಬಹುದು. ಇಳಿಸಲಾಗದ್ದು ಬೆಲೆಯೊಂದೇ.

"20,000 ಕೆಲ್ವಿನ್‌ದು ಬೇಕು" ಅಂದ ಹುಡುಗ. ಸೂರ್ಯನ ಮೈ ಬಿಸಿಯೇ 5,800 ಕೆಲ್ವಿನ್ ಆಸುಪಾಸು ಎಂದು ಎಲ್ಲೋ ಓದಿದ್ದ ನನಗೆ ಎದೆ ಧಸಕ್ಕೆಂದಿತು. ಅದು ಬಿಸಿಯ ಲೆಕ್ಕವಲ್ಲ ದೊಡ್ಡಪ್ಪಾ, ಬಣ್ಣದ ಲೆಕ್ಕ ಎಂದು ಸಮಾಧಾನ ಮಾಡಿದ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿ. ಸಮುದ್ರದ ನೀರು ಕೆಂಪನ್ನು ಮೊದಲ ಕೆಲವು ಮೀಟರಿನಲ್ಲೇ ನುಂಗಿಬಿಡುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಹವಳದೊಳಗಿನ ಪಾಚಿ ಆ ನೀಲಿಗೇ ಒಗ್ಗಿಕೊಂಡಿದೆ.

ಆಮೇಲೆ ಪಾರ್ ಬಂತು. ನಾನು ಮೊಬೈಲಿನಲ್ಲಿ ಬೆಳಕು ಅಳೆಯುವ ಆಪ್ ಹಾಕಿಕೊಂಡು ಹೋಗಿದ್ದೆ. ಅದು ಲಕ್ಸ್ ತೋರಿಸುತ್ತದೆ, ಮನುಷ್ಯರ ಕಣ್ಣಿನ ಲೆಕ್ಕ, ನೀಲಿಯನ್ನು ಅದು ಕಡಿಮೆಯೇ ಎಣಿಸುತ್ತದೆ ಎಂದು ನನ್ನನ್ನು ಬದಿಗೆ ಕೂರಿಸಿದ. ಪಾರ್ ಅನ್ನುವುದು ಗಿಡ-ಪಾಚಿಗಳ ಲೆಕ್ಕ: ಅವು ಉಣ್ಣಬಲ್ಲ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದು. ನಮ್ಮ ಕಣದಲ್ಲಿ ಮಧ್ಯಾಹ್ನ ತೊಗರಿ ರಾಶಿಯ ಮೇಲೆ ಬೀಳುವ ಬಿಸಿಲು 2,000ದ ಹತ್ತಿರ. ಅಕ್ರೊಪೋರಾ ಎಂಬ ಕೊಂಬೆ ಹವಳಕ್ಕೆ 300ರ ಮೇಲೆ ಬೇಕು. ಆರು ಅಡಿ ತೊಟ್ಟಿಯ ಮೂಲೆ ಮೂಲೆಗೂ ಅಷ್ಟು ಮುಟ್ಟಬೇಕಾದರೆ ದೊಡ್ಡ ದೀಪ ಮೂರು. ಬೆಂಗಳೂರಿನ ಅಂಗಡಿಯವರು ಫೋನಿನಲ್ಲಿ ಹೇಳಿದ ಬೆಲೆ ಎರಡು ಲಕ್ಷ ದಾಟಿತು.

"ಅದರಾಗ ಜೋಡಿ ಎತ್ತ ಬರ್ತಾವ" ಅಂದಳು ಅವ್ವ. "ಬೆಳಕೇ ಬೇಕಂದ್ರ ತೊಟ್ಟಿ ತಂದು ಬೆಳಕಿಂಡಿ ಬುಡಕ ಇಡ್ರಿ. ಗೋಣಿಚೀಲ ನಾ ತಗೀತೀನಿ."

ಎಲ್ಲರೂ ನಕ್ಕರು. ಅವ್ವನ ಪರ ಒಬ್ಬ ಗಟ್ಟಿ ಸಾಕ್ಷಿ ಇದ್ದಾನೆಂದು ಗೊತ್ತಿದ್ದದ್ದು ನನಗೊಬ್ಬನಿಗೇ. ಜಕಾರ್ತಾದ ಲೀ ಚಿನ್ ಎಂಗ್ ಎಂಬಾತ ಯಾವ ದೀಪದ ಹಂಗೂ ಇಲ್ಲದೆ, ಬಿಸಿಲು, ಜೀವಂತ ಬಂಡೆ, ಗಾಳಿಗುಳ್ಳೆ ಇಷ್ಟರಲ್ಲೇ ಹವಳ ಸಾಕಿ 1961ರಲ್ಲಿ ಅಮೆರಿಕದ ಮೀನು ಪತ್ರಿಕೆಯಲ್ಲಿ ಬರೆದಿದ್ದ. ನಾನು ಇದನ್ನು ಸಭೆಯ ಮುಂದಿಟ್ಟೆ. ಹುಡುಗ ಸೋಲಲಿಲ್ಲ. ಬೆಳಕಿಂಡಿಯ ಬಿಸಿಲು ಗಳಿಗೆಗೊಂದು ಕಡೆ ಸರಿಯುತ್ತದೆ, ನೀರು ಕಾಯುತ್ತದೆ, ಬೇಡದ ಪಾಚಿ ಗಾಜಿಗೆಲ್ಲ ಹಬ್ಬುತ್ತದೆ ಎಂದ. ಮಾತು ನಿಜವೇ. ಆದರೆ ಅವನ ಉಳಿದ ಯೋಜನೆ ಕೇಳಿ. ಕರೆಂಟು ಹೋಗುವ ಊರಾದ್ದರಿಂದ ಮಾಳಿಗೆಯ ಮೇಲೆ ಸೋಲಾರ್ ಹಲಗೆ ಹಾಕಿಸುತ್ತಾನಂತೆ. ಅಂದರೆ ನಮ್ಮ ಬಿಸಿಲನ್ನು ಮೇಲೆ ಹಿಡಿಯುವುದು. ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಕರೆಂಟಾಗುತ್ತದೆ. ಅದನ್ನು ಬ್ಯಾಟರಿಗೆ ತುಂಬಿ, ಅಲ್ಲೊಂದಿಷ್ಟು ಕಳೆದುಕೊಂಡು, ಉಳಿದದ್ದನ್ನು ಎಲ್‌ಇಡಿಗೆ ಕೊಟ್ಟು, ಮತ್ತೆ ಬೆಳಕು ಮಾಡಿ, ಸ್ಲ್ಯಾಬಿನ ಕೆಳಗೆ ಬಿಡುವುದು. ಕೊನೆಗೆ ಕೈಗೆ ಬರುವುದು ಹತ್ತು ಪಾಲಿಗಿಂತ ಕಡಿಮೆ. ಬಿಸಿಲು ಬರಬಾರದೆಂದು ಸ್ಲ್ಯಾಬ್ ಹಾಕಿಸಿದ್ದು, ಬಿಸಿಲು ಬರಲೆಂದು ಅದರ ಮೇಲೆ ಹಲಗೆ ಹಾಕಿಸುವುದು. ತಹಶೀಲ್ದಾರ ಕಚೇರಿಯಲ್ಲಿ ಇಂಥ ಕಡತಗಳನ್ನು ಬೇಕಾದಷ್ಟು ನೋಡಿದವನಾದ್ದರಿಂದ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಕಚೇರಿಯ ಅಭ್ಯಾಸವೇ ಮುಂದೆ ಕೆಲಸಕ್ಕೂ ಬಂತು. ಮುನ್ನೂರು ಪಾರ್ ಬೇಡುವ ಆ ಕೊಂಬೆ ಹವಳ ಎಲ್ಲಿ ಸಿಗುತ್ತದೆ, ಅದಕ್ಕೆ ಕಾಗದಪತ್ರ ಏನು ಎಂದು ಕೇಳಿದೆ. ಹುಡುಗ ತಡವರಿಸಿದ. ಕಾಯ್ದೆ ತೆಗೆದು ನೋಡಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಲ್ಲು ಹವಳಗಳನ್ನೆಲ್ಲ ಸೇರಿಸಿದ್ದಾರೆ. ಕರಿ ಹವಳ, ಬೆಂಕಿ ಹವಳ, ಸಮುದ್ರದ ಬೀಸಣಿಗೆಗಳೂ ಜೊತೆಗಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲೇ. ದೀಪ ಮಾರುವುದಕ್ಕೆ ಅಡ್ಡಿಯಿಲ್ಲ, ಆ ದೀಪದ ಕೆಳಗೆ ಇಡಬೇಕಾದದ್ದನ್ನು ಇಟ್ಟರೆ ಜೈಲು. ಎರಡು ಲಕ್ಷದ ಬಿಸಿಲನ್ನು ಮಾರಲು ಬಂದವರು ಈ ಮಾತು ಎತ್ತಿರಲಿಲ್ಲ.

ಪಟ್ಟಿಯ ಹೊರಗೆ ಉಳಿದದ್ದು ಮೆತ್ತನೆಯ ಹವಳಗಳು: ತೊಗಲಿನಂಥದ್ದು, ಅಣಬೆಯಂಥದ್ದು, ಗುಂಡಿ ಗುಂಡಿಯಾಗಿ ಹರಡುವಂಥದ್ದು. ಇವಕ್ಕೆ 50ರಿಂದ 150 ಪಾರ್ ಧಾರಾಳ. ಮೂರು ದೊಡ್ಡ ದೀಪಗಳ ಜಾಗಕ್ಕೆ ಎರಡು ಸಾಧಾರಣ ದೀಪ ಬಂದವು. ಹುಡುಗ ಎರಡು ದಿವಸ ಮಾತಾಡಲಿಲ್ಲ, ತಮ್ಮ ಮಾತ್ರ ನನಗೆ ಚಹಾ ತರಿಸಿದ.

ದೀಪ ಬಂದ ಮೇಲೂ ಪೂರ್ತಿ ಉರಿಸುವ ಹಾಗಿಲ್ಲ. ಮೊದಲು 20–30 ಪ್ರತಿಶತ, ಆಮೇಲೆ ವಾರವಾರಕ್ಕೆ ಸ್ವಲ್ಪ ಸ್ವಲ್ಪ. ಬೇರೆ ಬೆಳಕಿನಿಂದ ಬಂದ ಹವಳಕ್ಕೆ ರೂಢಿಯಾಗಲು ಪುರುಸೊತ್ತು ಕೊಡಬೇಕು. ಹುಡುಗನ ಮೊಬೈಲಿನಲ್ಲಿ ಸೂರ್ಯ ಹನ್ನೊಂದಕ್ಕೆ ಹುಟ್ಟಿ ರಾತ್ರಿ ಎಂಟಕ್ಕೆ ಮುಳುಗುತ್ತಾನೆ, ಸಂಜೆ ಬರುವ ಮಂದಿಗೆ ಕಾಣಲೆಂದು. ಬೆಳದಿಂಗಳೂ ಇದೆ. ಆಸ್ಟ್ರೇಲಿಯಾದ ದೊಡ್ಡ ಹವಳ ದಂಡೆಯಲ್ಲಿ ಹುಣ್ಣಿಮೆಯಾದ ಕೆಲವು ರಾತ್ರಿಗಳಲ್ಲಿ ಹವಳಗಳೆಲ್ಲ ಒಟ್ಟಿಗೆ ಬೀಜ ಬಿಡುವುದನ್ನು ವಿಜ್ಞಾನಿಗಳು 1981ರಲ್ಲಿ ಕಂಡರು, ಅಂದಿನಿಂದ ಚಂದ್ರನಿಗೂ ಬೆಲೆ ಬಂದಿದೆ. ಅವ್ವ ಪಂಚಾಂಗ ಹಿಡಿದು ಕೂತು, ಮೊಬೈಲಿನ ಹುಣ್ಣಿಮೆ ಗಾಣಗಾಪುರದ ಹುಣ್ಣಿಮೆಗಿಂತ ಒಂದು ದಿನ ಹಿಂದಿದೆ ಎಂದು ಹಿಡಿದಳು. ಸೆಟ್ಟಿಂಗ್ ಬದಲಾಯಿತು. ಕಂಪನಿಯವರು ಅದನ್ನು ಯಾವ ದೇಶದ ಗಡಿಯಾರಕ್ಕೆ ಕಟ್ಟಿದ್ದರೋ.

ತೋರಿಸುವ ದಿನ ಓಣಿಯೆಲ್ಲ ಸೇರಿತು. ಹುಡುಗ ಹಾಲ್‌ನ ಉಳಿದ ದೀಪ ಆರಿಸಿ ಬರೀ ನೀಲಿ-ನೇರಳೆ ಬಿಟ್ಟ. ಅಣಬೆ ಹವಳಗಳು ಹಸಿರಾಗಿ, ಕೆಂಪಾಗಿ ಹೊಳೆಯತೊಡಗಿದವು. ನೀಲಿ ಬೆಳಕು ನುಂಗಿ ಬೇರೆ ಬಣ್ಣ ಉಗುಳುವ ಪ್ರೋಟೀನು ಅವುಗಳಲ್ಲಿದೆ, ಇಂಥದ್ದೇ ಹಸಿರು ಪ್ರೋಟೀನನ್ನು ಲೋಳೆಮೀನಿನಲ್ಲಿ ಕಂಡವರಿಗೆ 2008ರ ನೊಬೆಲ್ ಬಂತು, 1999ರಲ್ಲಿ ಕೆಂಪು ಪ್ರೋಟೀನು ಸಿಕ್ಕಿದ್ದು ಇದೇ ಅಣಬೆ ಹವಳದ ಕುಲದಲ್ಲಿ ಎಂದು ಹುಡುಗ ಉತ್ಸಾಹದಿಂದ ಹೇಳುತ್ತಲೇ ಇದ್ದ. ಯಾರೂ ಕೇಳುತ್ತಿರಲಿಲ್ಲ. ಎಲ್ಲರ ಕಣ್ಣು ಬಾಗಿಲ ಹತ್ತಿರ ನಿಂತ ಗೌಡರ ಧೋತರದ ಮೇಲಿತ್ತು. ಅದು ಉರಿಯುತ್ತಿತ್ತು. ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲೆಂದು ಹಾಕುವ ರಾಸಾಯನಿಕವೂ ಹವಳದ ಹಾಗೇ ನೇರಳೆ ಬೆಳಕು ನುಂಗಿ ನೀಲಿ ಉಗುಳುತ್ತದೆ. ಒಬ್ಬೊಬ್ಬರೂ ತಮ್ಮ ತಮ್ಮ ಧೋತರ, ಬನಿಯನ್ನು, ಟೊಪ್ಪಿಗೆ ನೋಡಿಕೊಂಡರು. ಹತ್ತಿರ ಹತ್ತಿರ ನಿಂತು ತಾಳೆ ನೋಡಿದರು. ಹೊಳೆಯದವರು ಹಿಂದೆ ಸರಿದರು.

ಹೋಗುವಾಗ ಬಾಜು ಮನೆಯಾಕೆ ತೊಟ್ಟಿಯ ಕಡೆ ತಿರುಗಿಯೂ ನೋಡದೆ ಗೌಡಶಾನಿಯ ಕೈ ಹಿಡಿದು ಕೇಳಿದಳು: "ಯಾವ ಪುಡಿ ಹಾಕ್ತೀರವ್ವಾ?"