ಪದ್ಮಿನಿಯ ಲೆಕ್ಕ

ನಮ್ಮ ಮನೆಯಲ್ಲಿ ಆ ಕಾರನ್ನು ಉಪಯೋಗಿಸುತ್ತಿದ್ದ ಜೀವ ಒಂದೇ: ಬೆಕ್ಕು. ವರ್ಷಕ್ಕೆರಡು ಸಲ ಎಲ್ಲಿಂದಲೋ ಒಳಗೆ ನುಗ್ಗಿ, ಹಿಂದಿನ ಸೀಟಿನ ಹೊಟ್ಟೆ ಬಗೆದು, ಅದರಲ್ಲಿ ಮರಿ ಹಾಕುತ್ತಿತ್ತು. ಬಾಗಿಲಿಗೆ ಬೀಗ, ಗಾಜು ಭದ್ರ. ಆದರೂ ಬೆಕ್ಕು ಒಳಗೆ. ಇದನ್ನು ನಾನು ಬೆಕ್ಕಿನ ಚಾಣಾಕ್ಷತನ ಎಂದು ಹನ್ನೊಂದು ವರ್ಷ ಮೆಚ್ಚಿಕೊಂಡು ಓಡಾಡಿದೆ.

ಕಾರು ಅಪ್ಪನದು. 1984ರ ಪ್ರೀಮಿಯರ್ ಪದ್ಮಿನಿ. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದು ತಂದದ್ದು. ಆ ಕಾಲವೇ ಹಾಗೆ. ಮಗಳ ಮದುವೆಗೆಂದು ಫಿಯಟ್ ಬುಕ್ ಮಾಡಿದವರಿಗೆ ಮೊಮ್ಮಗನ ನಾಮಕರಣದ ಹೊತ್ತಿಗೆ ಕಾರು ಕೈಗೆ ಬರುತ್ತಿತ್ತು. ಅಷ್ಟು ಕಾದರೂ ಅಪ್ಪ ಅದಕ್ಕೆ ಕಟ್ಟಿಸಿದ ಶೆಡ್ಡು ಮಾತ್ರ ಗಿಡ್ಡ. ಕಾರಿನ ಉದ್ದ ಹೆಚ್ಚುಕಡಿಮೆ ನಾಲ್ಕು ಮೀಟರ್, ಶೆಡ್ಡಿನದು ಮೂರು. ಗಾರೆ ಮೇಸ್ತ್ರಿ ಅಳತೆ ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಹಾಗಾಗಿ ಬಾನೆಟ್ಟು ಯಾವಾಗಲೂ ಬಿಸಿಲಿಗೆ ಮೂತಿ ಚಾಚಿಕೊಂಡಿರುತ್ತಿತ್ತು. ಅಪ್ಪ ಹೋದ ಮೇಲೆ ಅಮ್ಮ ಅದರ ಮೇಲೆ ಪ್ಲಾಸ್ಟಿಕ್ ಶೀಟು ಹಾಸಿ ಸಂಡಿಗೆ ಇಡತೊಡಗಿದಳು. ಇವತ್ತಿಗೂ ಬಗ್ಗಿ ನೋಡಿದರೆ ತಿಳಿಹಸಿರು ಬಣ್ಣದ ಮೇಲೆ ಸಾಲುಸಾಲಾಗಿ ಸಂಡಿಗೆಯ ದುಂಡು ಗುರುತುಗಳು ಕಾಣುತ್ತವೆ.

2023ರ ಅಕ್ಟೋಬರಿನಲ್ಲಿ, ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು ಎಂಬ ಸುದ್ದಿ ಓದಿ ನನಗೆ ಗಂಟಲು ಕಟ್ಟಿತು. ಮನೆಯ ಕಾರಿನ ಟೈರಿಗೆ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಗಾಳಿ ಹಾಕಿಸದವನಿಗೆ ಮುಂಬೈ ಟ್ಯಾಕ್ಸಿಗಾಗಿ ಗಂಟಲು ಕಟ್ಟುವುದೆಂದರೆ ಏನು ಹೇಳೋಣ. ಅಂದು ರಾತ್ರಿಯೇ ಊಟದ ತಟ್ಟೆಯ ಮುಂದೆ ಘೋಷಿಸಿಬಿಟ್ಟೆ: “ಅಪ್ಪನ ಕಾರನ್ನ ಮತ್ತೆ ರಸ್ತೆಗಿಳಿಸ್ತೀನಿ.”

ನನ್ನ ಹೆಂಡತಿ ಬ್ಯಾಂಕಿನವಳು. ಮೂವತ್ತು ವರ್ಷ ಸಾಲದ ಅರ್ಜಿ ನೋಡಿದ ಕಣ್ಣು. “ಗಂಟಲು ಆಮೇಲೆ ಕಟ್ಟಲಿ ಕಣ್ರೀ, ಮೊದಲು ಲೆಕ್ಕ ಬರೀರಿ” ಎಂದು ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟಳು. ಎಡಕ್ಕೆ ಖರ್ಚು, ಬಲಕ್ಕೆ ಲಾಭ. ನಾನಾದರೂ ಕಡಿಮೆಯವನಲ್ಲ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಮುಳುಗಿದ ದುಡ್ಡಿನ ಹಿಂದೆ ಹೊಸ ದುಡ್ಡು ಸುರಿಯಬಾರದು ಎಂಬ ಪಾಠವನ್ನು ಪ್ರತಿವರ್ಷ ಜುಲೈನಲ್ಲಿ ಬೋರ್ಡಿನ ಮೇಲೆ ಗ್ರಾಫ್ ಬರೆದು ವಿವರಿಸುತ್ತೇನೆ.

ನಮ್ಮ ಮೈಸೂರಿನ ಮಂಡಿ ಮೊಹಲ್ಲಾದಿಂದ ಮೆಕ್ಯಾನಿಕ್ ಬಂದರು. ಫಿಯಟ್ ಬಿಚ್ಚಿಯೇ ತಲೆ ನರೆಸಿಕೊಂಡವರು. ಬಾನೆಟ್ ಎತ್ತಿ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಏರ್ ಫಿಲ್ಟರಿನಲ್ಲಿ ಇಲಿಗೂಡು. ಕೈ ಹಾಕಿ ಎಳೆದರೆ ಕಾಗದದ ಚೂರುಗಳು. ಒಂದರ ಮೇಲೆ ಅಪ್ಪನ ಸಹಿಯ ಬಾಲ ಕಂಡಿತು. ಕಾರಿನ ಕೊನೆಯ ವಿಮೆ ಪತ್ರ. ವಿಮೆಯಿಂದ ಲಾಭ ಪಡೆದವರು ನಮ್ಮ ಮನೆಯಲ್ಲಿ ಇಲಿಗಳು ಮಾತ್ರ.

“ಇಂಜಿನ್ ಜಾಮ್ ಆಗಿದೆ ಸಾರ್” ಎಂದು ಪ್ಲಗ್ಗುಗಳನ್ನು ಬಿಚ್ಚಿ, ಆ ನಾಲ್ಕು ತೂತುಗಳಿಗೆ ಡೀಸೆಲ್ ಬಿಟ್ಟರು. “ಮೂರು ದಿನ ನೆನೀಲಿ.” ಅಮ್ಮ ದೋಸೆಗೆ ಅಕ್ಕಿ ನೆನೆಹಾಕುವುದೂ ಇಷ್ಟೇ ಶ್ರದ್ಧೆಯಿಂದ. ಆಮೇಲೆ ಒಳಗಿನ ರಬ್ಬರ್ ಮ್ಯಾಟ್ ಎತ್ತಿ, ಫ್ಲೋರಿಗೆ ಸ್ಕ್ರೂಡ್ರೈವರ್ ಚುಚ್ಚಿದರು. ಅದು ಹಪ್ಪಳಕ್ಕೆ ಬೆರಳು ತೂರಿದ ಹಾಗೆ ಸೀದಾ ಇಳಿದು ಕೆಳಗಿನ ಮಣ್ಣಿನಲ್ಲಿ ನಿಂತಿತು. ಮೆಕ್ಯಾನಿಕ್ ತಲೆಯೆತ್ತಿ ಕೇಳಿದರು: “ಬೆಕ್ಕು ಎಲ್ಲಿಂದ ಒಳಗೆ ಹೋಗತ್ತೆ ಅಂತ ನೀವು ಯೋಚನೇನೇ ಮಾಡ್ಲಿಲ್ವಾ?”

ಇಂಜಿನ್‌ಗೆ 45,000. ಟಿಂಕರಿಂಗ್, ಪೇಂಟಿಗೆ 90,000. ಬಂಪರಿಗೆ, ಹಿಡಿಕೆಗಳಿಗೆ ಹೊಳಪು ಕೊಡಿಸಲು 20,000. ಸೀಟು 18,000, ಟೈರು 16,000, ಬ್ರೇಕು 14,000, ವೈರಿಂಗ್ 12,000. ಎಲ್ಲ ಕೂಡಿದರೆ 2,15,000. ಪ್ರತಿ ಅಂಕಿಯ ಬಾಲಕ್ಕೂ ಮೆಕ್ಯಾನಿಕ್ “ಬಿಚ್ಚಿ ನೋಡಿದ ಮೇಲೆ ಹೇಳ್ತೀನಿ” ಎಂದು ಸೇರಿಸುತ್ತಿದ್ದರು. ಹಳೇ ಕಾರುಗಳ ದಲ್ಲಾಳಿಯನ್ನು ಕೇಳಿದೆ: ಎಲ್ಲಾ ಮಾಡಿಸಿದ ಮೇಲೆ ಎಷ್ಟಕ್ಕೆ ಹೋಗುತ್ತದೆ? “ಒಂದೂವರೆ ಲಕ್ಷ. ಗಿರಾಕಿಗೆ ಸ್ವಲ್ಪ ಹುಚ್ಚಿದ್ರೆ.” ಈಗ ಹೀಗೇ ಗುಜರಿಗೆ ಹಾಕಿದರೆ ಇಪ್ಪತ್ತೆರಡು ಸಾವಿರ, ಅದೂ ತೂಕದ ಮೇಲೆ. ಕಂಪನಿಯ ಲೆಕ್ಕದಲ್ಲಿ ಅದರ ತೂಕ 900 ಕಿಲೋ ಹತ್ತಿರ. ಅದರಲ್ಲಿ ತುಕ್ಕು ತಿಂದದ್ದನ್ನು ಕಳೆಯಬೇಕು.

ನಾಲ್ಕನೇ ಕ್ಲಾಸಿನ ಹುಡುಗ ಕೂಡ ಇಲ್ಲಿಗೆ ನೋಟ್‌ಬುಕ್ ಮುಚ್ಚುತ್ತಿದ್ದ. ನಾನು ರಾತ್ರಿ ಹನ್ನೊಂದಕ್ಕೆ ಬಲಗಡೆ ಹೊಸದೊಂದು ಸಾಲು ಬರೆದೆ: ‘ಅಪ್ಪನ ನೆನಪು – 65,000.’ ಲೆಕ್ಕ ಸರಿಹೋಯಿತು.

ಬೆಳಗ್ಗೆ ಹೆಂಡತಿ ಅದನ್ನು ನೋಡಿದಳು. “ಮಾವನವರ ನೆನಪಿಗೆ ಜಿಎಸ್‌ಟಿ ಹಾಕೋದು ಮರ್ತಿದ್ದೀರಿ.”

ಅವಳನ್ನು ಒಲಿಸಲು ಇತಿಹಾಸದ ಮೊರೆ ಹೋದೆ. ಇದು ಇಟಲಿಯ ಫಿಯಟ್ 1100ರ ಸಂತಾನ, 1089 ಸಿಸಿ, ಚಿತ್ತೋರಿನ ರಾಣಿಯ ಹೆಸರು. ಮುಂಬೈಯ ಕುರ್ಲಾದಲ್ಲಿ ಇದನ್ನು ತಯಾರಿಸಿದ ಪ್ರೀಮಿಯರ್ ಕಂಪನಿಯನ್ನು 1944ರಲ್ಲಿ ಹುಟ್ಟುಹಾಕಿದವರು ವಾಲ್‌ಚಂದ್ ಹೀರಾಚಂದ್. ಅದಕ್ಕೂ ಮೊದಲು 1940ರಲ್ಲಿ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದವರೂ ಅವರೇ. “ಅಂದ್ರೆ ನಮ್ಮ ಪದ್ಮಿನಿಗೂ ಎಚ್‌ಎಎಲ್‌ಗೂ ದಾಯಾದಿ ಸಂಬಂಧ!” ಎಂದೆ. “ಹಾಗಾದ್ರೆ ಹಾರಿ ಹೋಗ್ಲಿ” ಎಂದು ಅವಳು ಬ್ಯಾಂಕಿಗೆ ಹೊರಟಳು.

ವಿಂಟೇಜ್ ಎಂದು ನೋಂದಾಯಿಸಿ ಮರ್ಯಾದೆಯನ್ನಾದರೂ ಗಳಿಸೋಣ ಎಂದುಕೊಂಡರೆ, 2021ರ ನಿಯಮದ ಪ್ರಕಾರ ಅದಕ್ಕೆ ಐವತ್ತು ವರ್ಷ ದಾಟಿರಬೇಕು. ನಮ್ಮದು 2034ರವರೆಗೂ ವಿಂಟೇಜ್ ಅಲ್ಲ, ಬರೀ ಹಳೇದು. ಐವತ್ತು ತುಂಬಿದ ಮೇಲಾದರೂ ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ಹೊರಗೆ ತೆಗೆಯಬಹುದು, ದಿನಾ ಓಡಿಸುವ ಹಾಗಿಲ್ಲ. ಅಂದರೆ ಸೊಪ್ಪು ತರಲು ಹೋಗಬೇಕಾದರೆ ಮಾರ್ಕೆಟ್ಟಿನಲ್ಲೇ ಪ್ರದರ್ಶನ ಇಡಬೇಕು.

ಬಿಡಿಭಾಗಕ್ಕೆಂದು ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ. ಒಂದು ಅಂಗಡಿಯಲ್ಲಿ ಫಿಯಟ್ ಎಂದ ಕೂಡಲೇ ಗಲ್ಲಾದ ಹಿಂದಿದ್ದ ಹಿರಿಯರು ಎದ್ದು ನಿಂತು, ಅಟ್ಟದಿಂದ ಧೂಳು ಹಿಡಿದ ಡಬ್ಬಿ ಇಳಿಸಿದರು. “ಒರಿಜಿನಲ್ ಬೀಡಿಂಗ್. ಇಡೀ ಬೆಂಗಳೂರಲ್ಲಿ ಇದೊಂದೇ ಸೆಟ್ಟು.” ಚೌಕಾಸಿ ಮಾಡಿದರೆ ಅವರ ಮನಸ್ಸಿಗೆ ನೋವಾದೀತೆಂದು ಹೇಳಿದಷ್ಟೇ ಕೊಟ್ಟೆ. ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮೆಕ್ಯಾನಿಕ್ ಡಬ್ಬಿ ಬಿಚ್ಚಿ, ಮೂಸಿ ನೋಡಿ, “ಇದು ಅಂಬಾಸಡರ್‌ದು” ಎಂದರು. ಒರಿಜಿನಲ್ ಎಂದದ್ದು ಸುಳ್ಳಲ್ಲ.

ಅಷ್ಟರಲ್ಲಿ ಇಂಜಿನ್ ಇಳಿಸಿದ್ದಾಯಿತು, ಬೋರ್ ಮಾಡಿಸಿದ್ದಾಯಿತು. ಫ್ಲೋರನ್ನೂ ಬಿಚ್ಚಿ ನೋಡಿದ್ದಾಯಿತು. ಕೆಳಗಿನ ಅಡ್ಡಪಟ್ಟಿಗಳೂ ಕರಗಿಹೋಗಿದ್ದವು. ಇನ್ನೊಂದು 75,000. ಅಂದು ರಾತ್ರಿ ಅಪ್ಪನ ನೆನಪನ್ನು 1,40,000ಕ್ಕೆ ಏರಿಸಿದೆ. ತುಕ್ಕು ಹೆಚ್ಚಿದ ಹಾಗೆಲ್ಲ ಅಪ್ಪನ ಮೇಲೆ ನನ್ನ ಪ್ರೀತಿಯೂ ಹೆಚ್ಚುತ್ತಿತ್ತು. ಇದೇ ದರದಲ್ಲಿ ಹೋದರೆ ಚಾಸಿಸ್ ಹೊತ್ತಿಗೆ ಶ್ರವಣಕುಮಾರನನ್ನು ಹಿಂದೆ ಹಾಕುತ್ತಿದ್ದೆ.

ಆಗಲೇ ಅಮ್ಮ, ಹೂವು ಕಟ್ಟುತ್ತಾ, ತಲೆಯೆತ್ತದೆ ಹೇಳಿದ್ದು: “ಅಪ್ಪ, ಅಪ್ಪ ಅಂತೀಯಲ್ಲೋ, ನಿಮ್ಮಪ್ಪ ಅದನ್ನ ಮೂರು ಸಲ ಮಾರಕ್ಕೆ ನೋಡಿದ್ರು ಕಣೋ. ತಗೊಳ್ಳೋರು ಯಾರೂ ಸಿಗಲಿಲ್ಲ ಅಷ್ಟೆ.”

ಈ ಮಾಹಿತಿಯನ್ನು ನೋಟ್‌ಬುಕ್ಕಿನಲ್ಲಿ ಎಲ್ಲಿ ಬರೆಯಬೇಕೆಂದು ತಿಳಿಯದೆ ಬರೆಯಲೇ ಇಲ್ಲ.

ಫ್ಲೋರಿಗೆ ತಾತ್ಕಾಲಿಕವಾಗಿ ಪ್ಲೈವುಡ್ ಹಾಸಿ, ಬೀದಿ ಕೊನೆಯ ಗಣಪತಿ ಗುಡಿಗೆ ಪೂಜೆಗೆ ಕೊಂಡೊಯ್ದೆ. ಸ್ಟೀರಿಂಗ್ ಪಕ್ಕದ ಗೇರು. ಮೊದಲನೆಯದಕ್ಕೆ ಹಾಕಲು ಹೋಗಿ ಮೂರನೆಯದಕ್ಕೆ ಹಾಕುತ್ತಾ, ಹೊಗೆ ಬಿಡುತ್ತಾ, ಇನ್ನೂರು ಮೀಟರನ್ನು ಇಪ್ಪತ್ತು ನಿಮಿಷದಲ್ಲಿ ಕ್ರಮಿಸಿದೆ. ದಾರಿಯುದ್ದಕ್ಕೂ ಪೆಟ್ರೋಲ್ ವಾಸನೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್, ಹಳೇ ರಬ್ಬರ್ ಪೈಪುಗಳಿಗೆ ಅದು ಒಗ್ಗುವುದಿಲ್ಲವಂತೆ. ಅರ್ಚಕರು ಆರತಿ ತಟ್ಟೆಯನ್ನು ದೂರದಿಂದಲೇ ತೋರಿಸಿ ಒಳಗೆ ಹೋದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟದ್ದಾಯಿತು. ಕ್ಲಚ್ ಬಿಟ್ಟೆ. ಕಾರು ಒಮ್ಮೆ ನಡುಗಿತು, ನಿಂಬೆಹಣ್ಣಿನ ತನಕ ಹೋಯಿತು, ಅದನ್ನು ಹತ್ತಲಾರದೆ ಆಫ್ ಆಯಿತು. ಹಣ್ಣುಗಳು ನಾಲ್ಕೂ ಇಡಿಯಾಗಿದ್ದವು. ಶಾಲೆಯಿಂದ ಬರುತ್ತಿದ್ದ ಹುಡುಗರು ಮನೆಯ ತನಕ ನೂಕಿಕೊಟ್ಟರು. ಅಮ್ಮ ಆ ನಾಲ್ಕರಿಂದ ಅವರಿಗೆ ಪಾನಕ ಮಾಡಿಕೊಟ್ಟಳು.

“ಗೇರ್‌ಬಾಕ್ಸು, ಕ್ಲಚ್ಚು ಹೋಗಿದೆ. ಬಲಗಡೆ ಡೋರೂ ಬೇಕು” ಎಂದರು ಮೆಕ್ಯಾನಿಕ್. ಇಬ್ಬರೂ ಗುಜರಿಗೆ ಹೋದೆವು. ಬಿಡಿಬಿಡಿಯಾಗಿ ತೆಗೆದುಕೊಂಡರೆ 48,000. ಗುಜರಿಯವನು ನನ್ನ ಮುಖ ನೋಡಿ, ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದು ಟಾರ್ಪಾಲು ಸರಿಸಿದ. ಕಿಟಕಿ ಗಾಜಿಲ್ಲದ, ಮೂತಿ ಜಜ್ಜಿದ, ಬೂದು ಬಣ್ಣದ ಒಂದು ಪದ್ಮಿನಿ. “ಇಡೀ ಗಾಡೀನೇ 35,000ಕ್ಕೆ ತಗೊಳ್ಳಿ ಸಾರ್. ನಿಮಗೇ ಉಳಿತಾಯ.”

ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ನೋಟ್‌ಬುಕ್ಕಿನ ಬಲಗಡೆ, ಅಪ್ಪನ ಹೆಸರಿಲ್ಲದೆ, ಮೊದಲ ಬಾರಿಗೆ ನಿಜವಾದ ಒಂದು ಅಂಕಿ ಬಿತ್ತು: ಲಾಭ 13,000.

ಸಂಜೆ ಹೆಂಡತಿ ಬ್ಯಾಂಕಿನಿಂದ ಬಂದಾಗ ಗೇಟಿನೊಳಗೆ ಎರಡು ಕಾರುಗಳಿದ್ದವು. ಅವಳು ಎರಡನ್ನೂ ನೋಡಿದಳು, ನನ್ನನ್ನು ನೋಡಿದಳು, ಸ್ಕೂಟರನ್ನು ರಸ್ತೆಯಲ್ಲೇ ನಿಲ್ಲಿಸಿ ಒಳಗೆ ಹೋದಳು. ಮೆಕ್ಯಾನಿಕ್ ಬೂದು ಕಾರಿನ ಕೆಳಗಿನಿಂದ ಹೊರಬಂದು ಕೈ ಒರೆಸಿಕೊಂಡರು.

“ಸಾರ್, ತಪ್ಪು ತಿಳ್ಕೋಬೇಡಿ. ಇದರ ಫ್ಲೋರ್ ಗಟ್ಟಿಯಾಗಿದೆ, ಗೇರ್‌ಬಾಕ್ಸ್ ಚೆನ್ನಾಗಿದೆ. ಇದನ್ನೇ ರೆಡಿ ಮಾಡಿ, ನಿಮ್ಮಪ್ಪನವರದ್ದನ್ನ ಸ್ಪೇರಿಗೆ ಇಟ್ಕೊಳ್ಳೋಣ.”

ಹಾಗಾದರೆ ಆ 1,40,000ವನ್ನು ಯಾವ ಕಾರಿನ ಲೆಕ್ಕಕ್ಕೆ ಬರೆಯಬೇಕು? ಪೆನ್ನು ಹಿಡಿದು ಶೆಡ್ಡಿನ ಮುಂದೆ ನಿಂತೇ ಇದ್ದೆ. ಅಷ್ಟರಲ್ಲಿ ಬೆಕ್ಕು ಅಪ್ಪನ ಪದ್ಮಿನಿಯ ತೂತಿನಿಂದ ಮರಿಯೊಂದನ್ನು ಕಚ್ಚಿಕೊಂಡು ಹೊರಬಂತು. ಅಂಗಳ ದಾಟಿ, ಗಾಜಿಲ್ಲದ ಕಿಟಕಿಯಿಂದ ಬೂದು ಕಾರಿನೊಳಕ್ಕೆ ಹಾರಿತು. ಎರಡನೆಯ ಮರಿಗಾಗಿ ವಾಪಸು ಬರುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ.