ಬೂಸಮ್ಮಿಗೆ ಮಡಿ ಉಡಿಸಿದ್ದು

ಇಂಗ್ಲಿಷ್ ಪದ್ಯ ಪಾಠ ಮಾಡುವ ಮೇಷ್ಟ್ರಿಗೆ ‘ಬೂಸಮ್’ ಇರುವ ಸಾಲು ಬಂದಾಗಲೇ ಕೆಮ್ಮು ಬರುವುದು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಮೇಷ್ಟ್ರು ‘ಅಂದರೆ ಹೃದಯ’ ಎಂದು ಮುಂದಿನ ಸಾಲಿಗೆ ಹಾರಿಬಿಡುತ್ತಾರೆ. ಅವರು ಹೇಳಿದ್ದು ಸುಳ್ಳೇನಲ್ಲ. ಆದರೆ ಈ ಪದದ ಪೂರ್ವಾಶ್ರಮ ಗೊತ್ತಿದ್ದರೆ ಅಷ್ಟು ಬೆವರಬೇಕಾಗಿರಲಿಲ್ಲ.

ಸಾವಿರ ವರ್ಷದ ಹಿಂದೆ ಇದು ‘ಬೋಸ್ಮ್’. ಜರ್ಮನರ ‘ಬೂಝೆನ್’ ಇದರ ದಾಯಾದಿ. ಮೂಲ ಯಾವುದೆಂದರೆ ಪಂಡಿತರಲ್ಲೇ ತಕರಾರು. ‘ಉಬ್ಬು’ ಎಂಬ ಅರ್ಥದ ಧಾತು ಅಂತ ಕೆಲವರು. ಅಲ್ಲ, ತೋಳಿನ ಪದ, ನಮ್ಮ ಸಂಸ್ಕೃತದ ‘ಬಾಹು’ವಿಗೆ ನೆಂಟ ಅಂತ ಇನ್ನು ಕೆಲವರು. ನನ್ನ ಓಟು ಬಾಹುವಿಗೆ. ಯಾಕೆಂದರೆ ಹಳೆಯ ಬಳಕೆಯಲ್ಲಿ ಬೂಸಮ್ ಅಂಗಕ್ಕಿಂತ ಹೆಚ್ಚಾಗಿ ಒಂದು ಜಾಗ: ಎದೆಗೂ ತಬ್ಬಿದ ತೋಳಿಗೂ ನಡುವೆ, ಎದೆಗೂ ಅಂಗಿಗೂ ನಡುವೆ. ಆ ಕಾಲದ ಕವಿಗಳು ಹಡಗಿನ ಒಡಲಿಗೂ ಇದೇ ಪದ ಹಾಕಿದ್ದಾರೆ. ಹಡಗು ನೋಡಿ ಯಾವ ಹಿಂದಿನ ಬೆಂಚೂ ನಕ್ಕಿರಲಾರದು.

ಜೇಬಿಲ್ಲದ ಕಾಲದಲ್ಲಿ ಪತ್ರ, ದುಡ್ಡು ಎಲ್ಲ ಅಲ್ಲಿಗೇ ಹೋಗುತ್ತಿದ್ದವು, ಗಂಡಸರದ್ದೂ ಕೂಡ. ನಮ್ಮ ಅಜ್ಜಿಯರು ರವಿಕೆಯೊಳಗಿಂದ ಪುಟ್ಟ ಪರ್ಸು ತೆಗೆದು ತರಕಾರಿಯವಳಿಗೆ ಚಿಲ್ಲರೆ ಎಣಿಸುತ್ತಿದ್ದರಲ್ಲ, ಆ ಖಜಾನೆಯೇ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಮೋಶೆ ಕೈಯನ್ನು ಬೂಸಮ್ಮಿನೊಳಗೆ ಇಟ್ಟು ತೆಗೆದರೆ ಅದಕ್ಕೆ ಕುಷ್ಠ ಹತ್ತಿರುತ್ತದೆ. ಮತ್ತೆ ಇಟ್ಟು ತೆಗೆದರೆ ವಾಸಿ. ಸತ್ತ ಬಡ ಲಾಜರ ಸೇರುವುದು ಅಬ್ರಹಾಮನ ಬೂಸಮ್ಮಿಗೆ. ಶೇಕ್ಸ್‌ಪಿಯರನ ‘ಐದನೇ ಹೆನ್ರಿ’ಯಲ್ಲಿ ಹೋಟೆಲಿನ ಒಡತಿ ಕ್ವಿಕ್ಲಿಯಮ್ಮ, ಸತ್ತ ಫಾಲ್‌ಸ್ಟಾಫನನ್ನು ಅಳುತ್ತಳುತ್ತ ಅಬ್ರಹಾಮನ ಬದಲು ಆರ್ಥರ್ ರಾಜನ ಎದೆಗೆ ಸಾಗಹಾಕುತ್ತಾಳೆ. ವಿಳಾಸ ತಪ್ಪಿದರೂ ಅಂಥ ಕುಡುಕನಿಗೆ ಅದೇ ವಾಸಿ.

ಪೇಚು ಶುರುವಾದದ್ದು ಆಮೇಲೆ. ಹತ್ತೊಂಬತ್ತನೇ ಶತಮಾನದ ಸಭ್ಯಸ್ಥರಿಗೆ ‘ಬ್ರೆಸ್ಟ್’ ಎಂಬ ಪದ ಮೈಲಿಗೆಯಾಯಿತು. ಸರಿ, ಬೂಸಮ್ಮಿಗೆ ಮಡಿ ಉಡಿಸಿ ಆ ಜಾಗಕ್ಕೆ ಕೂರಿಸಿದರು. ಕ್ಯಾಪ್ಟನ್ ಮ್ಯಾರಿಯಟ್ 1834ರ ‘ಪೀಟರ್ ಸಿಂಪಲ್’ ಕಾದಂಬರಿಯಲ್ಲಿ ಇದನ್ನು ಚೆನ್ನಾಗಿ ಗೇಲಿ ಮಾಡಿದ್ದಾನೆ. ಬಾರ್ಬಡೋಸಿನ ಒಂದು ನೃತ್ಯಕೂಟ. ಊಟದ ಮೇಜಿನಲ್ಲಿ ಟರ್ಕಿ ಕೋಳಿ ಕೊಯ್ಯುತ್ತಿರುವ ಎಳೆಯ ನಾಯಕ, ಪಕ್ಕದ ಹೆಂಗಸಿಗೆ ಎದೆಭಾಗದ ತುಂಡು ಬಡಿಸಲೇ ಅನ್ನುತ್ತಾನೆ. ಆಕೆ ಕಿಡಿಕಿಡಿ! ಮರ್ಯಾದೆ ಎಲ್ಲಿ ಕಲಿತೆ ಅಂತ ಜಾಡಿಸಿ, ತನಗೆ ಟರ್ಕಿಯ ಬೂಸಮ್ಮೇ ಬೇಕೆನ್ನುತ್ತಾಳೆ. ಕೋಳಿಯ ಮಾನ ಉಳಿಯಿತು. ಜೀವ ಮೊದಲೇ ಹೋಗಿತ್ತು.

ಮಡಿ ಎಷ್ಟು ಹೊತ್ತು ನಿಂತೀತು? ಮುಚ್ಚಲು ತಂದ ಪದವೇ ತೋರುಬೆರಳಾಗಿ ಕೂತಿತು. ಅದೇ ಶತಮಾನದಲ್ಲಿ ಗಂಡಸರ ಗಂಜಿ ಹಾಕಿದ ಶರ್ಟಿನ ಮುಂಭಾಗಕ್ಕೂ ಬೂಸಮ್ ಅಂತಲೇ ಹೆಸರು. ಅದನ್ನು ಇಸ್ತ್ರಿ ಮಾಡಲು ‘ಬೂಸಮ್ ಬೋರ್ಡ್’ ಎಂಬ ಹಲಗೆಯೇ ಬೇರೆ ಇತ್ತು. ಅದಕ್ಕೆ ಯಾರೂ ಕೆಮ್ಮಲಿಲ್ಲ. ಇನ್ನು ಡಾಕ್ಟರು ಎಕ್ಸ್‌ರೇ ತೆಗೆಸಿ ಅನ್ನುವ ‘ಚೆಸ್ಟ್’ ಇದೆಯಲ್ಲ, ಅದು ಲ್ಯಾಟಿನ್ನಿನಿಂದ ಬಂದ ಬರೀ ಪೆಟ್ಟಿಗೆ. ಮೈಗೆ ಅಂಟಿಕೊಂಡದ್ದು ಹದಿನಾರನೇ ಶತಮಾನದಲ್ಲಿ. ಪೆಟ್ಟಿಗೆಗೆ ಮಾನಾಪಮಾನ ಇಲ್ಲ, ಆಸ್ಪತ್ರೆಗೆ ಹೇಳಿ ಮಾಡಿಸಿದ ಹಾಗಿದೆ.

ತುಂಬುಮೈಯ ಹೆಂಗಸಿಗೆ ಹೇಳುವ ‘ಬಕ್ಸಮ್’ ಇದರ ತಂಗಿ ಅಂತ ತಿಳಿದವರು ಬಹಳ. ರಕ್ತಸಂಬಂಧ ಏನೂ ಇಲ್ಲ ಸ್ವಾಮಿ. ಅದು ‘ಬಾಗು’ ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಮೊದಲ ಅರ್ಥ ‘ಹೇಳಿದ ಹಾಗೆ ಕೇಳುವವಳು’. ಆಮೇಲೆ ಗೆಲುವಾದವಳು, ಆಮೇಲೆ ಪುಷ್ಟಿಯಾದವಳು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮದುಮಗಳು ಚರ್ಚಿನಲ್ಲಿ ನಿಂತು, ಹಾಸಿಗೆಯಲ್ಲೂ ಊಟದ ಮೇಜಿನಲ್ಲೂ ಬಕ್ಸಮ್ ಆಗಿರುತ್ತೇನೆಂದು ಪ್ರಮಾಣ ಮಾಡಬೇಕಿತ್ತು. 1549ರ ಪ್ರಾರ್ಥನಾ ಪುಸ್ತಕ ಆ ಪದ ತೆಗೆದು ಸೀದಾ ‘ವಿಧೇಯಳಾಗಿರುತ್ತೇನೆ’ ಎಂದು ಮಾಡಿತು. ವರ ಬಕ್ಸಮ್ ಆಗಿರಬೇಕೆಂದು ಮಾತ್ರ ಯಾವ ಪಾದ್ರಿಯೂ ಕೇಳಲಿಲ್ಲ.